ಸುಟ್ಟ ಕೈಗೆ ಅಳತೆಯ ಗ್ಲೌಸ್: ಹದಿನಾರು ತಿಂಗಳು ಹಾಕಿಕೊಂಡವಳ ರಿವ್ಯೂ

ಮೊದಲು ಆನ್‌ಲೈನಿನಲ್ಲಿ ಸಿಗುವ 499 ರೂಪಾಯಿಯ ರೆಡಿಮೇಡ್ ಗ್ಲೌಸಿನ ವಿಷಯ ಮುಗಿಸಿಬಿಡುತ್ತೇನೆ. ಕೈ ಸುಟ್ಟುಕೊಂಡು, ರಾತ್ರಿ ನಿದ್ದೆ ಬಾರದೆ, ಎಡಗೈಯಲ್ಲಿ ಮೊಬೈಲ್ ಉಜ್ಜುತ್ತಾ ಕೂತವರು ಮೊದಲು ಒತ್ತುವುದು ಅದರ ಬಟನ್ನನ್ನೇ. ನಾನೂ ಒತ್ತಿದೆ. ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಮೂರು ಸೈಜು ಇತ್ತು, ಮೀಡಿಯಂ ತರಿಸಿದೆ. ಹೆಬ್ಬೆರಳಿಗೆ ಬಿಗಿ, ಅಂಗೈಗೆ ಸಡಿಲ, ಬೆರಳುಗಳ ಸಂದಿಗೆ ಬಟ್ಟೆ ಮುಟ್ಟುವುದೇ ಇಲ್ಲ. ಹೊಲಿಗೆ ಒಳಬದಿಗೆ. ಎರಡು ರಾತ್ರಿ ಹಾಕಿದ್ದಕ್ಕೆ ಹೊಸ ಚರ್ಮದ ಮೇಲೆ ಹೊಲಿಗೆ ಹೋದ ದಾರಿಯಲ್ಲೇ ನೀರುಗುಳ್ಳೆ ಎದ್ದವು. ಗಂಟುನೋವಿನವರಿಗೆ ಅದು ಸರಿಯಿರಬಹುದು. ಸುಟ್ಟ ಕೈಗೆ ಬೇಡ. ಈಗ ಅದು ಸ್ಕೂಟರಿನ ಸೀಟಿನಡಿ ಉಂಟು, ಕನ್ನಡಿ ಒರೆಸಲಿಕ್ಕೆ ಒಳ್ಳೆಯದಾಗುತ್ತದೆ.

ನಾನು ಬರೆಯಲು ಹೊರಟದ್ದು ಬೇರೆ ಗ್ಲೌಸಿನ ಬಗ್ಗೆ. ಮಂಗಳೂರಿನ ಒಂದು ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿ ಆಕ್ಯುಪೇಶನಲ್ ಥೆರಪಿ ಅಂತ ಬೋರ್ಡು ಹಾಕಿದ ಕೋಣೆ ಉಂಟು, ಪೆಟ್ಟಾದ ಕೈಯನ್ನು ಮತ್ತೆ ದಿನದ ಕೆಲಸಕ್ಕೆ ಪಳಗಿಸುವ ಜಾಗ. ಅಲ್ಲಿ ಒಂದೊಂದು ಬೆರಳಿನ ಅಳತೆ ತೆಗೆದು ಹೊಲಿಸಿಕೊಟ್ಟ ಪ್ರೆಶರ್ ಗ್ಲೌಸ್, ಅದರೊಳಗೆ ಇಡುವ ಸಿಲಿಕಾನ್ ಶೀಟು, ಮತ್ತೆ ಆ ಕೋಣೆ, ಈ ಮೂರರ ಬಗ್ಗೆ. ಮೊದಲ ವಾರವೇ ಬರೆದಿದ್ದರೆ ಐದರಲ್ಲಿ ಒಂದು ನಕ್ಷತ್ರ ಕೊಡುತ್ತಿದ್ದೆ, ಅಷ್ಟು ಸಿಟ್ಟು ಇತ್ತು. ಹೊಗಳುವುದರ ಜೊತೆ ಬಯ್ಯುವುದೂ ಇರುವುದರಿಂದ ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಅಡಿಕೆ ಹಾಳೆ ತಟ್ಟೆಯ ಸಣ್ಣ ಯೂನಿಟ್. ಅದಕ್ಕೂ ಮೊದಲು ಹದಿನೆಂಟು ವರ್ಷ ಬೀಡಿ ಕಟ್ಟಿದವಳು ನಾನು. ಬೀಡಿಯ ಕೆಲಸ ಕಡಿಮೆಯಾದ ಮೇಲೆ ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಸಂಘದ ನಾವು ನಾಲ್ಕು ಮಂದಿ ಸೇರಿ ಸಾಲ ಮಾಡಿ ಮಿಷನ್ ಹಾಕಿದೆವು. ಅಡಿಕೆ ತೋಟದ ಊರಿನಲ್ಲಿ ಹಾಳೆಗೇನು ಬರ? ಬೇಸಿಗೆಯಲ್ಲಿ ಒಟ್ಟುಮಾಡಿ ಒಣಗಿಸಿಟ್ಟ ಹಾಳೆಯನ್ನು ಬೇಕಾದಾಗ ತೊಟ್ಟಿಯಲ್ಲಿ ನೆನೆಹಾಕಿ, ತಿಕ್ಕಿ ತೊಳೆದು, ನೀರಿಳಿದ ಮೇಲೆ ಡೈ, ಅಂದರೆ ಲೋಹದ ಅಚ್ಚಿನ ಮೇಲೆ ಇಡುವುದು. ಮೇಲಿನ ಡೈ, ಕೆಳಗಿನ ಡೈ ಎರಡರೊಳಗೂ ಹೀಟರ್. ಒತ್ತಿದಾಗ ಚುಂಯ್ ಅಂತ ಆವಿ ಬರುತ್ತದೆ, ಜೊತೆಗೆ ಬೆಂದ ಹಾಳೆಯ ಒಂದು ಸಿಹಿ ವಾಸನೆ. ನನಗೆ ಆ ವಾಸನೆ ತುಂಬ ಇಷ್ಟವಿತ್ತು.

ಆ ದಿನ ಹತ್ತು ಇಂಚಿನ ತಟ್ಟೆ, ಮದುವೆ ಮನೆಯ ಆರ್ಡರ್. ಒಂದು ತಟ್ಟೆ ಡೈಗೆ ಅಂಟಿತು. ಚಿಮಟದಲ್ಲಿ ತೆಗೆಯಬೇಕಿತ್ತು, ಚಿಮಟ ಆಚೆ ಮೇಜಿನ ಮೇಲಿತ್ತು. ಕೈ ಹಾಕಿದೆ. ಕಾಲು ಪೆಡಲ್ ಮೇಲೆಯೇ ಇತ್ತು. ಆಮೇಲೆ ನೆನಪಿರುವುದು ಶಬ್ದ ಮಾತ್ರ. ಅದೇ ಚುಂಯ್.

ಬಲಗೈಯ ನಾಲ್ಕು ಬೆರಳು ಬುಡದ ಗೆಣ್ಣಿನ ಆಚೆವರೆಗೆ ಎರಡು ಡೈಗಳ ನಡುವೆ. ಜೊತೆಯಲ್ಲಿದ್ದವಳು ಗಾಬರಿಯಲ್ಲಿ ಮೈನ್ ಸ್ವಿಚ್ ಆಫ್ ಮಾಡಿದಳು. ನಮ್ಮ ಮಿಷನ್ನಿನಲ್ಲಿ ಕರೆಂಟ್ ತೆಗೆದರೆ ಮೋಟಾರು ನಿಲ್ಲುತ್ತದೆ, ಡೈ ಮೇಲೇಳುವುದಿಲ್ಲ. ಆಯಿಲ್ ಪ್ರೆಶರ್ ಬಿಡಲಿಕ್ಕೆ ಪಕ್ಕದ ಲಿವರ್ ಎತ್ತಬೇಕು. ನಾನೇ ಬೊಬ್ಬೆ ಹೊಡೆದು ಹೇಳಿ, ಅವಳು ಓಡಿ ಬಂದು ಎತ್ತಿ, ಕೈ ಹೊರಗೆ ಬರುವಾಗ ಎಷ್ಟು ಸೆಕೆಂಡ್ ಆಗಿತ್ತೋ ದೇವರೇ ಬಲ್ಲ. ಆಮೇಲೆ ಡಾಕ್ಟರು ಒಂದು ಲೆಕ್ಕ ಹೇಳಿದರು. 44 ಡಿಗ್ರಿ ಬಿಸಿ ಚರ್ಮವನ್ನು ಸುಡಲಿಕ್ಕೆ ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತದೆ, 60 ಡಿಗ್ರಿ ಸುಮಾರು ಐದು ಸೆಕೆಂಡು, 70 ಆದರೆ ಒಂದು ಸೆಕೆಂಡೇ ಸಾಕು. ನಮ್ಮ ಥರ್ಮೋಸ್ಟಾಟ್ ನೂರರ ಮೇಲೆ ಇತ್ತು. ಬಿಸಿ ಕಾವಲಿ ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಪ್ರೆಸ್ಸು ಬರಲು ಬಿಡುವುದಿಲ್ಲ, ಸುಡುವುದರ ಜೊತೆ ಜಜ್ಜುತ್ತದೆ. ಹಾಳೆ ತಟ್ಟೆಯ ಮಿಷನ್ ಇರಲಿ, ಲಾಂಡ್ರಿಯ ಇಸ್ತ್ರಿ ಪ್ರೆಸ್ ಇರಲಿ, ಟಯರ್ ರೀಸೋಲಿನ ಅಚ್ಚು ಇರಲಿ, ಇಂಥ ಗಾಯ ಕಂಡದ್ದಕ್ಕಿಂತ ಆಳ ಇರುತ್ತದೆ.

ಕೈಯ ಮೇಲ್ಬದಿಯಲ್ಲಿ ತಟ್ಟೆಯ ಅಂಚಿನ ಗೆರೆ ಅಚ್ಚು ಬಿದ್ದಿತ್ತು. ಬಿದಿಗೆ ಚಂದ್ರನ ಹಾಗೆ ಬಾಗಿ, ಬೆಳ್ಳಗೆ. ಅಲ್ಲಿ ನೋವೇ ಇರಲಿಲ್ಲ. ‘ದೊಡ್ಡ ಎಂತದೂ ಆಗ್ಲಿಲ್ಲ ಮಾರಾಯ್ತಿ’ ಅಂತ ನಾನೇ ಅವಳಿಗೆ ಸಮಾಧಾನ ಹೇಳಿದೆ. ಕೆಂಪಾಗಿ ಉರಿಯುವುದೇ ಪುಣ್ಯ ಅಂತ ಆಗ ಗೊತ್ತಿರಲಿಲ್ಲ. ಬೆಳ್ಳಗೆ, ಒಣ ತೊಗಲಿನ ಹಾಗಾಗಿ, ಚುಚ್ಚಿದರೂ ಗೊತ್ತಾಗದಿದ್ದರೆ ನೋವು ತಿಳಿಸುವ ನರದ ತುದಿಗಳೇ ಸುಟ್ಟುಹೋಗಿವೆ ಅಂತ ಅರ್ಥ.

ಮೊದಲ ಅರ್ಧ ಗಂಟೆಯಲ್ಲಿ ನಾವು ಮಾಡಿದ್ದೆಲ್ಲ ತಪ್ಪು. ಹತ್ತಿರ ಇದ್ದದ್ದು ಹಾಳೆ ನೆನೆಹಾಕಿದ ತೊಟ್ಟಿ, ಚಹಾದ ಬಣ್ಣದ ನೀರು. ಕೈಯನ್ನು ಅದರಲ್ಲೇ ಅದ್ದಿದೆ. ಆಮೇಲೆ ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚಿದರು. ಇನ್ನೊಬ್ಬರು ಐಸ್ ತಂದರು. ನಲ್ಲಿಯ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯುವುದು ಒಂದೇ ಸರಿಯಾದ ಕೆಲಸವಂತೆ; ಕೂಡಲೇ ಆಗದಿದ್ದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನ ಉಂಟಂತೆ. ಐಸ್ ಬೇಡ, ಬೆಣ್ಣೆ ಬೇಡ, ಪೇಸ್ಟ್ ಬೇಡ. ಊದುವ ಮೊದಲೇ ಉಂಗುರ, ಬಳೆ, ವಾಚು ತೆಗೆದು, ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದುಕೊಂಡು ಹೊರಡಬೇಕು. ನನ್ನ ಉಂಗುರವನ್ನು ಕೊನೆಗೆ ಕಟ್ಟರಿನಲ್ಲಿ ಕತ್ತರಿಸಿದರು. ಪೇಸ್ಟನ್ನು ಕೆರೆದು ತೆಗೆಯುವಾಗ ನರ್ಸ್ ಒಬ್ಬರು ಪುದೀನ ಫ್ಲೇವರಾ ಅಂತ ಕೇಳಿದರು. ನಗು ಬರಲಿಲ್ಲ, ಈಗ ಬರುತ್ತದೆ.

ಮಂಗಳೂರಿಗೆ ಹೋಗುವ ಮೊದಲು ನಾಲ್ಕು ದಿನ ಹಾಳಾಯಿತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಟಿಟಿ ಇಂಜೆಕ್ಷನ್ ಕೊಟ್ಟು, ಬಿಳಿ ಮುಲಾಮು ಹಚ್ಚಿ, ಐದೂ ಬೆರಳು ಒಟ್ಟಿಗೆ ಚೆಂಡಿನ ಹಾಗೆ ಸುತ್ತಿ, ವಾರದಲ್ಲಿ ಒಣಗುತ್ತದೆ ಅಂತ ಕಳಿಸಿದರು. ಬೆರಳು ಬೆರಳಿಗೆ ಬೇರೆ ಬೇರೆ ಬ್ಯಾಂಡೇಜು ಹಾಕಬೇಕು, ಇಲ್ಲದಿದ್ದರೆ ಹಸಿ ಚರ್ಮ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಕಿರುಬೆರಳು, ಉಂಗುರ ಬೆರಳಿನ ನಡುವೆ ನನಗೆ ಇವತ್ತಿಗೂ ಒಂದು ಸಣ್ಣ ಪರದೆ ಹಾಗೆ ಚರ್ಮ ಉಂಟು. ಆ ಚೆಂಡಿನ ಕಾಣಿಕೆ ಅಂತಲೇ ನಾನು ಅಂದುಕೊಂಡಿರುವುದು. ಅಂಗೈ ಬೆರಳು ಸೇರಿದರೆ ಮೈಯ ಒಟ್ಟು ಚರ್ಮದ ಶೇಕಡಾ 1ರಷ್ಟು ಮಾತ್ರ. ಅಷ್ಟಕ್ಕೆ ಮಂಗಳೂರಿಗೆ ಯಾಕೆ ಅಂತ ಮನೆಯಲ್ಲಿ ಕೇಳಿದರು. ಕೈ, ಮುಖ, ಪಾದ, ಕೀಲು, ಇವು ಆಳವಾಗಿ ಸುಟ್ಟರೆ ಗಾಯ ಎಷ್ಟೇ ಸಣ್ಣದಿರಲಿ ಸುಟ್ಟಗಾಯ ನೋಡುವ ಪ್ಲಾಸ್ಟಿಕ್ ಸರ್ಜನ್ ಇರುವ ಕಡೆಗೇ ಹೋಗಬೇಕು. ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರು ಮೂಗು ಸರಿ ಮಾಡಿಸಿಕೊಳ್ಳುವುದು ಅಂತ ನಾನೂ ತಿಳಿದಿದ್ದೆ.

ಆಪರೇಷನ್ನಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ, ನಾನು ನಿದ್ದೆಯಲ್ಲಿದ್ದೆ. ಸತ್ತ ಚರ್ಮ ಕೆತ್ತಿ ತೆಗೆದು, ತೊಡೆಯಿಂದ ಸೌತೆಕಾಯಿ ಸಿಪ್ಪೆಯಷ್ಟು ತೆಳ್ಳಗೆ ಚರ್ಮ ತೆಗೆದು ಕೂರಿಸಿದರು. ಅಂಗೈಯ ಚರ್ಮ ದಪ್ಪ, ಬೀಡಿ ಕಟ್ಟಿ ಕಟ್ಟಿ ನನ್ನದು ಇನ್ನೂ ದಪ್ಪ, ಅದು ತಾನಾಗಿ ಗುಣವಾಯಿತು. ಮೇಲ್ಬದಿಯ ಚರ್ಮ ಕಾಗದದ ಹಾಗೆ, ಅದಕ್ಕೇ ಕಸಿ ಬೇಕಾಯಿತು. ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ: ಕೈಗಿಂತ ತೊಡೆ ನೋಯುತ್ತದೆ. ಎರಡು ವಾರ, ಮಗ್ಗುಲು ಬದಲಿಸಲಿಕ್ಕೆ ಬಿಡಲಿಲ್ಲ.

ಕಸಿ ಹಿಡಿದ ಮೇಲೆ ಆ ಕೋಣೆಗೆ ಕಳಿಸಿದರು. ಅಲ್ಲಿಯ ಥೆರಪಿಸ್ಟ್ ಕಣ್ಣೂರಿನ ಕಡೆಯ ಹುಡುಗಿ, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ನನ್ನ ಹತ್ತಿರ ಮಲಯಾಳದಲ್ಲಿ ಶುರುಮಾಡಿ, ನನ್ನ ಗಂಡನ ಹತ್ತಿರ ತುಳುವಿಗೆ ಹೊರಳಿ, ಕೊನೆಗೆ ಮೂರು ಭಾಷೆಯನ್ನೂ ಬೆರೆಸಿ ಮಾತಾಡಿದಳು. ನಮ್ಮ ಕಾಸರಗೋಡಿನವರಿಗೆ ಅದೇ ಮಾತೃಭಾಷೆ ಬಿಡಿ. ಮೊದಲ ದಿನ ಅವಳು ಮಾಡಿದ್ದನ್ನು ನೋಡಿ ನಾನು ಕಣ್ಣು ಬಿಟ್ಟೆ. ಒಂದು ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಕತ್ತರಿಸಿ ಬಿಸಿ ನೀರಿನ ತಟ್ಟೆಗೆ ಹಾಕಿದಳು, 65, 70 ಡಿಗ್ರಿ. ಒಂದು ನಿಮಿಷಕ್ಕೆ ಹಲಗೆ ಮೆತ್ತಗಾಗಿ ದೋಸೆಯ ಹಾಗೆ ಜೋತುಬಿತ್ತು. ಬಟ್ಟೆಯಲ್ಲಿ ಒರೆಸಿ, ತನ್ನ ಕೈಯ ಮೇಲೆ ಇಟ್ಟು ಬಿಸಿ ನೋಡಿ, ಆಮೇಲೆ ನನ್ನ ಕೈಗೆ ಹೊಂದಿಸಿ ಒತ್ತಿ ಹಿಡಿದಳು. ಎರಡು ಮೂರು ನಿಮಿಷದಲ್ಲಿ ಅದು ನನ್ನ ಕೈಯ ಆಕಾರಕ್ಕೆ ಗಟ್ಟಿಯಾಗಿ ಕೂತಿತು. ನೆನೆಸುವುದು, ಬಿಸಿ ಮಾಡುವುದು, ಅಚ್ಚಿಗೆ ಒತ್ತುವುದು, ಆರಿದ ಮೇಲೆ ಬಿಡಿಸುವುದು. ಹಾಳೆಗೆ ನಾವು ಮಾಡುವುದೂ ಅದೇ ಅಲ್ಲವಾ? ನಾನು ಹೇಳಿದಾಗ ಅವಳು ನಕ್ಕಳು. ಇಲ್ಲಿ ಡೈ ನಿಮ್ಮ ಕೈಯೇ ಚೇಚಿ, ಅಂದಳು.

ಕೈಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಆ ಹಲಗೆಗೆ ಸ್ಪ್ಲಿಂಟ್ ಅಂತ ಹೆಸರು, ಅದರ ಆಕಾರ ನೋಡಿದರೆ ವಿಚಿತ್ರ ಕಾಣುತ್ತದೆ. ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿ, ಬೆರಳಿನ ಬುಡದ ಗೆಣ್ಣು ಎಪ್ಪತ್ತು ಡಿಗ್ರಿಯಷ್ಟು ಮಡಚಿ, ಮುಂದಿನ ಎರಡು ಗೆಣ್ಣು ನೆಟ್ಟಗೆ. ಗುಬ್ಬಚ್ಚಿಗೆ ಕಾಳು ಹಾಕುವ ಕೈಯ ಹಾಗೆ. ನೋವಿರುವಾಗ ಕೈಗೆ ಸುಖ ಸಿಗುವುದು ಇದರ ಉಲ್ಟಾ ಭಂಗಿಯಲ್ಲಿ, ಹಕ್ಕಿಯ ಉಗುರಿನ ಹಾಗೆ ಮುದುಡಿಕೊಂಡು. ಸುಖ ಅಂತ ಹಾಗೇ ಬಿಟ್ಟರೆ ಚರ್ಮ ಆ ಸುಖದಲ್ಲೇ ಗಟ್ಟಿಯಾಗಿ ಮತ್ತೆ ಬಿಡಿಸಲಿಕ್ಕಾಗುವುದಿಲ್ಲ. ಅಂಗೈ ಸುಟ್ಟವರಿಗೆ ಬೇರೆ ಆಕಾರ, ರೊಟ್ಟಿ ತಟ್ಟುವ ಹಾಗೆ ಪೂರ್ತಿ ಚಪ್ಪಟೆ. ಯಾರದ್ದೋ ಸ್ಪ್ಲಿಂಟನ್ನು ಎರವಲು ತಂದು ಹಾಕಬೇಡಿ.

ಈಗ ಗ್ಲೌಸ್.

ಗಾಯ ಪೂರ್ತಿ ಮುಚ್ಚಿದ ಮೇಲೆ ಅಳತೆ ತೆಗೆಯುತ್ತಾರೆ. ನನ್ನ ಕೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ಕಾಗದದ ಟೇಪಿನಲ್ಲಿ ಪ್ರತಿ ಬೆರಳಿಗೆ ಮೂರು ಕಡೆ ಸುತ್ತಳತೆ, ಅಂಗೈ, ಮಣಿಕಟ್ಟು, ಪ್ರತಿ ಸಂದಿಯ ಆಳ ಎಲ್ಲ ಬರೆದುಕೊಂಡರು. ಮದುವೆಯ ಬ್ಲೌಸಿಗೂ ಇಷ್ಟು ಅಳತೆ ಕೊಟ್ಟದ್ದಿಲ್ಲ. ಬರಲಿಕ್ಕೆ ಹನ್ನೊಂದು ದಿನ. ನನಗೆ ಒಂದಕ್ಕೆ ಬಿದ್ದದ್ದು 1,900 ರೂಪಾಯಿ, ಎರಡು ಬೇಕೇ ಬೇಕು, ಒಂದು ಒಗೆದು ಹಾಕಿದಾಗ ಇನ್ನೊಂದು ಕೈಯಲ್ಲಿರಬೇಕು. ಕಲೆಯ ಮೇಲೆ, ಬಿಪಿ ಅಳೆಯುವ ಲೆಕ್ಕದಲ್ಲಿ, ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೀಳುವ ಹಾಗೆ ಹೊಲಿಯುತ್ತಾರೆ. ಸುಟ್ಟಲ್ಲಿ ಚರ್ಮ ಬೇಕಾದ್ದಕ್ಕಿಂತ ಹೆಚ್ಚು ನಾರು ಬೆಳೆಸಿ ಹಗ್ಗದ ಹಾಗೆ ಉಬ್ಬುತ್ತದೆ. ಒಂದೇ ಸಮ ಒತ್ತಿ ಹಿಡಿದರೆ ಅದು ಮಟ್ಟಸವಾಗಿ, ಮೆತ್ತಗೆ ಬೆಳೆಯುತ್ತದಂತೆ.

ದಿನಕ್ಕೆ 23 ಗಂಟೆ ಹಾಕಬೇಕು ಅಂದಾಗ ನನಗೆ ಅಳು ಬಂತು. ಆ ಒಂದು ಗಂಟೆ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ ನೋಡಿದೆ. ಸ್ನಾನಕ್ಕೆ ಹತ್ತು ನಿಮಿಷ, ಕಲೆಗೆ ಎಣ್ಣೆ ಉಜ್ಜಲಿಕ್ಕೆ ಇಪ್ಪತ್ತು, ಉಳಿದದ್ದು ಮಧ್ಯಾಹ್ನದ ಮತ್ತು ರಾತ್ರಿಯ ಊಟಕ್ಕೆ. ಬೆಳಿಗ್ಗೆ ತಿಂಡಿಗೆ ಚಮಚ. ಈ ಗ್ಲೌಸ್ ಮಾಡಿದವರು ಸಾರು ಅನ್ನ ಕಲಸಿ ಉಣ್ಣುವವರನ್ನು ಕಂಡವರಲ್ಲ ಅಂತ ಕಾಣುತ್ತದೆ. ಮೊದಲ ತಿಂಗಳು ನಾನು ಚಮಚದಲ್ಲಿ ಉಂಡೆ, ಹೊಟ್ಟೆ ತುಂಬಿದ ಹಾಗೇ ಆಗಲಿಲ್ಲ.

ಒಳ್ಳೆಯ ಗುಣಗಳು: ಹೊಲಿಗೆ ಎಲ್ಲ ಹೊರಬದಿಗೆ. ಬೆರಳ ತುದಿ ತೆರೆದಿರುತ್ತದೆ, ಉಗುರಿನ ಬಣ್ಣ ನೋಡಿ ಬಿಗಿ ಹೆಚ್ಚಾಯಿತಾ ಅಂತ ತಿಳಿಯಬಹುದು; ನೀಲಿಯಾದರೆ, ಜುಮುಗುಟ್ಟಿದರೆ ಕೂಡಲೇ ತೆಗೆಯಬೇಕು. ಸಂದಿಗಳಲ್ಲಿ ಬಟ್ಟೆ ಸರಿಯಾಗಿ ಬುಡಕ್ಕೆ ಕೂರುತ್ತದೆ. ಅಲ್ಲಿ ಸಾಲದಿದ್ದರೆ ಸಣ್ಣ ಪ್ಯಾಡ್ ಇಡುತ್ತಾರೆ. ಜಿಪ್ ಉಂಟು, ಅದನ್ನು ಮೊದಲೇ ಕೇಳಿ ಹಾಕಿಸಿಕೊಳ್ಳಿ. ನನ್ನ ಮೊದಲ ಜೊತೆಗೆ ಜಿಪ್ ಇರಲಿಲ್ಲ, ಎಳೆದು ಹಾಕುವಾಗ ಹೊಸ ಚರ್ಮ ಎರಡು ಕಡೆ ಕಿತ್ತುಬಂತು. ಅದಕ್ಕೇ ನಾನು ಹೇಳಿದ ಆ ಒಂದು ನಕ್ಷತ್ರದ ಸಿಟ್ಟು. ಯಾರೂ ಕ್ಷಮೆ ಕೇಳಲಿಲ್ಲ, ಆದರೆ ಮುಂದಿನ ಜೊತೆಯಲ್ಲಿ ಕಿರುಬೆರಳಿನ ಬದಿಗೆ ಜಿಪ್ ಬಂತು, ಅದಕ್ಕೆ ಹೆಚ್ಚಿನ ದುಡ್ಡೂ ತೆಗೆದುಕೊಳ್ಳಲಿಲ್ಲ.

ಕೆಟ್ಟದ್ದು: ಬಣ್ಣ. ಕೊಡುವುದು ಚರ್ಮದ ಬಣ್ಣವಂತೆ, ಯಾರ ಚರ್ಮವೋ. ನಮ್ಮ ಅಡುಗೆಮನೆಯಲ್ಲಿ ಅದು ಮೂರನೇ ದಿನಕ್ಕೆ ಅರಸಿನದ ಬಣ್ಣ. ಬಸ್ಸಿನಲ್ಲಿ ಎಲ್ಲರೂ ನೋಡುತ್ತಾರೆ, ಕೆಲವರು ‘ಕೈಗೆಂತ ಆದ್ದು’ ಅಂತ ಕೇಳಿಯೂ ಬಿಡುತ್ತಾರೆ, ಕುಂಬಳೆಯಿಂದ ತಲಪಾಡಿಯ ಗಡಿವರೆಗೆ ಅದೇ ಕಥೆ ಎರಡು ಸಲ ಹೇಳಿದ್ದುಂಟು. ಇನ್ನು ಮಳೆಗಾಲ! ಜೂನ್, ಜುಲೈಯಲ್ಲಿ ನಮ್ಮಲ್ಲಿ ಸೀರೆಯೇ ಒಣಗುವುದಿಲ್ಲ, ಈ ದಪ್ಪ ಎಲಾಸ್ಟಿಕ್ ಒಣಗೀತಾ? ಬಿಸಿಲಿಗೂ ಹಾಕಬಾರದು, ಇಸ್ತ್ರಿಯೂ ಬೇಡ, ಹಿಂಡಲೂ ಬಾರದು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶ್ಯಾಂಪೂ ಹಾಕಿ ಅದ್ದಿ, ಟವೆಲಿನೊಳಗೆ ಸುತ್ತಿ ಒತ್ತಿ, ಫ್ಯಾನಿನಡಿ ಚಪ್ಪಟೆಯಾಗಿ ಹರಡುತ್ತಿದ್ದೆ. ಕರೆಂಟ್ ಹೋದ ರಾತ್ರಿ ಒದ್ದೆಯದ್ದನ್ನೇ ಹಾಕಿ, ಸಂದಿ ಬೆಳ್ಳಗೆ ನೆನೆದು ಸಿಪ್ಪೆ ಎದ್ದಿತು. ಆ ಮೇಲೆ ಜಾಣತನ ಬಂದು ಮೂರನೆಯದೊಂದು ಮಾಡಿಸಿದೆ. ಕರಾವಳಿಯವರು ಮಳೆಗಾಲಕ್ಕೆ ಎರಡರ ಬದಲು ಮೂರು ಲೆಕ್ಕ ಹಾಕಿಕೊಳ್ಳಿ.

ಮತ್ತೆ ಎಣ್ಣೆ. ಕಲೆಗೆ ತೆಂಗಿನೆಣ್ಣೆ ಉಜ್ಜಿ ಕೂಡಲೇ ಗ್ಲೌಸ್ ಹಾಕಿದರೆ ಎಲಾಸ್ಟಿಕ್ ಬೇಗ ಸತ್ತುಹೋಗುತ್ತದೆ. ಎಣ್ಣೆ ಹೀರಿದ ಮೇಲೆ ಒರೆಸಿ ಹಾಕಬೇಕು. ಹೇಗೂ ಎರಡು ಮೂರು ತಿಂಗಳಿಗೆ ಅದು ಸಡಿಲವಾಗುತ್ತದೆ. ಸುಲಭವಾಗಿ ಕೈಗೆ ಏರಿತು ಅಂತ ಖುಷಿಪಟ್ಟರೆ, ಅವತ್ತಿಗೆ ಅದರ ಕೆಲಸ ಮುಗಿಯಿತು ಅಂತ ಅರ್ಥ.

ಸಿಲಿಕಾನ್ ಶೀಟಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎಳನೀರಿನ ಗಂಜಿಯ ಹಾಗೆ ಮೆತ್ತಗಿನ ಹಾಳೆ. ಉಬ್ಬಿದ ಕಲೆಯ ಆಕಾರಕ್ಕೆ ಕತ್ತರಿಸಿ ಗ್ಲೌಸಿನೊಳಗೆ ಇಡುವುದು, ದಿನಕ್ಕೆ ಹನ್ನೆರಡು ಗಂಟೆಯಾದರೂ. ತೊಳೆದು ಮತ್ತೆ ಮತ್ತೆ ಬಳಸಬಹುದು. ಚಂದ್ರನ ಗೆರೆ ಅದರಿಂದಲೇ ತಗ್ಗಿತು ಅಂತ ನನ್ನ ನಂಬಿಕೆ. ಸೆಖೆಯ ದಿನ ಬೆವರುಸಾಲೆ ಏಳುತ್ತದೆ. ಆಗ ಎರಡು ದಿನ ಬಿಟ್ಟು, ಎರಡು ಗಂಟೆಯಿಂದ ಶುರುಮಾಡಿ ನಿಧಾನ ಹೆಚ್ಚಿಸಬೇಕು. ತೆರೆದ ಗಾಯದ ಮೇಲೆ ಇಡಲೇಬಾರದು.

ತುರಿಕೆಯ ಬಗ್ಗೆ ಮಾತ್ರ ಯಾರೂ ಮೊದಲೇ ಎಚ್ಚರಿಸಲಿಲ್ಲ, ಅದಕ್ಕೆ ನಾನು ಆ ಕೋಣೆಯ ಒಂದು ನಕ್ಷತ್ರ ಕಡಿಯುತ್ತೇನೆ. ರಾತ್ರಿ ಎರಡು ಗಂಟೆಗೆ ಇರುವೆಗೂಡಿನಲ್ಲಿ ಕೈ ಇಟ್ಟ ಹಾಗೆ. ಮಾತ್ರೆ ಕೇಳಿದ ಮೇಲೆ ಕೊಟ್ಟರು. ನಾವೇ ಕೇಳುವವರೆಗೆ ಅದು ಕಾಯಿಲೆಯ ಪಟ್ಟಿಯಲ್ಲೇ ಇರಲಿಲ್ಲ.

ಮೇಣದ ಪಾತ್ರೆಯ ಕಥೆ ಬೇರೆ. ಗಾಯ ಪೂರ್ತಿ ಮಾಗಿದ ಮೇಲೆ, ಬಿಗಿದ ಗೆಣ್ಣು ಸಡಿಲಿಸಲಿಕ್ಕೆ ಕರಗಿದ ಪ್ಯಾರಾಫಿನ್ ಮೇಣದಲ್ಲಿ ಕೈ ಅದ್ದಿಸುತ್ತಾರೆ, 50 ಡಿಗ್ರಿಯ ಆಸುಪಾಸು. ಸ್ಟೀಲಿನ ಪಾತ್ರೆ, ಬದಿಯಲ್ಲಿ ಥರ್ಮೋಸ್ಟಾಟಿನ ಕೆಂಪು ದೀಪ. ನಮ್ಮ ಮಿಷನ್ನಿನದ್ದೇ ದೀಪ! ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಆ ಹುಡುಗಿ ಒತ್ತಾಯ ಮಾಡಲಿಲ್ಲ. ಮುಂದಿನ ವಾರ ತನ್ನ ಕೈಯನ್ನೇ ಮೊದಲು ಅದ್ದಿ, ಬಿಳಿ ಮೇಣ ಮೆತ್ತಿದ ಕೈಯಲ್ಲಿ ನನ್ನನ್ನು ಕರೆದಳು. ಅದಕ್ಕೂ ಮೊದಲು ನನ್ನ ಕಣ್ಣು ಮುಚ್ಚಿಸಿ, ಎರಡು ಗಾಜಿನ ನಳಿಗೆಯಲ್ಲಿ ಬಿಸಿ ನೀರು ತಣ್ಣೀರು ಹಾಕಿ ಬೆರಳಿಗೆ ಮುಟ್ಟಿಸಿ, ಯಾವುದು ಯಾವುದು ಅಂತ ಕೇಳಿ ಪರೀಕ್ಷೆ ಮಾಡಿದ್ದಳು. ಸುಟ್ಟ ಚರ್ಮಕ್ಕೆ ಬಿಸಿ ಗೊತ್ತಾಗದೆ ಇರಬಹುದು, ಗೊತ್ತಾಗದಿದ್ದರೆ ಮೇಣ ಹಾಕುವ ಹಾಗಿಲ್ಲ. ಈ ಪರೀಕ್ಷೆ ಮಾಡದೆ ಯಾರಾದರೂ ಮೇಣದ ಪಾತ್ರೆ ತೋರಿಸಿದರೆ ಎದ್ದು ಬನ್ನಿ.

ಕೈಯನ್ನೇ ಒಂದು ಪ್ರತ್ಯೇಕ ವಿದ್ಯೆಯ ಹಾಗೆ ನೋಡುವ ಕೆಲಸಕ್ಕೆ ನಮ್ಮ ದೇಶದಲ್ಲಿ ವೆಲ್ಲೂರು ದೊಡ್ಡ ಹೆಸರಂತೆ. ಡಾ. ಪಾಲ್ ಬ್ರಾಂಡ್ ಅನ್ನುವವರು 1940ರ ದಶಕದ ಕೊನೆಯಿಂದ ಅಲ್ಲಿ ಕುಷ್ಠದಿಂದ ಮುದುಡಿದ ಕೈಗಳಿಗೆ ಆಪರೇಷನ್ ಮಾಡಿ, ವ್ಯಾಯಾಮ ಮಾಡಿಸಿ, ಆ ಕೈಗಳನ್ನು ಕೆಲಸಕ್ಕೆ ಹಚ್ಚಿದರಂತೆ. ಹುಡುಗಿ ಇದನ್ನೆಲ್ಲ ನನ್ನ ಗೆಣ್ಣು ಬಗ್ಗಿಸುತ್ತಾ ಹೇಳುವುದು. ನನ್ನ ಗಮನ ಬೇರೆ ಕಡೆ ಇರಲಿ ಅಂತ. ಕಥೆ ಮುಗಿಯುವಾಗ ಐದು ಡಿಗ್ರಿ ಹೆಚ್ಚು ಬಗ್ಗಿರುತ್ತದೆ.

ಅವಳು ಡಿಗ್ರಿಯನ್ನು ಒಂದು ಪುಟ್ಟ ಕೋನಮಾಪಕದಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದಳು. ತೋರುಬೆರಳಿನ ಬುಡ ಮೊದಲ ದಿನ 25, ಈಗ 80. ಮುಷ್ಟಿ ಕಟ್ಟಿದಾಗ ನಡುಬೆರಳ ತುದಿಗೂ ಅಂಗೈಗೂ ಮಧ್ಯೆ ಐದೂವರೆ ಸೆಂಟಿಮೀಟರ್ ಇತ್ತು, ಈಗ ಒಂದು. ಮನೆಗೆ ಕೊಟ್ಟ ಕೆಲಸ: ಸ್ಪಂಜು ಹಿಂಡುವುದು, ಚಪಾತಿ ಹಿಟ್ಟು ನಾದುವುದು, ಹುರುಳಿಯ ಪಾತ್ರೆಯೊಳಗೆ ಕೈ ಹಾಕಿ ಆಡಿಸುವುದು. ಕೊನೆಯದು ಚರ್ಮದ ಅತಿಸೂಕ್ಷ್ಮ ಹೋಗಲಿಕ್ಕೆ, ಮೊದಲು ಹತ್ತಿ, ಆಮೇಲೆ ಟವೆಲ್, ಆಮೇಲೆ ಅಕ್ಕಿ, ಆಮೇಲೆ ಹುರುಳಿ. ವ್ಯಾಯಾಮದ ಚೀಟಿ ಮಾತ್ರ ಇಂಗ್ಲಿಷಿನದ್ದು, ಚಿತ್ರವೂ ಮಸುಕು. ಮಗಳು ಕೂತು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನಕಲು ಒಂದು ಆ ಕೋಣೆಗೂ ಕೊಟ್ಟಿದ್ದೇವೆ. ಹೋದ ತಿಂಗಳು ನೋಡಿದೆ, ಗೋಡೆಯಲ್ಲಿ ಉಂಟು.

ಐದನೇ ತಿಂಗಳು ಅವಳು ಕೇಳಿದಳು, ಈ ಕೈಗೆ ಅತ್ಯಂತ ಚೆನ್ನಾಗಿ ಗೊತ್ತಿದ್ದ ಕೆಲಸ ಯಾವುದು? ಅಡುಗೆ ಅಂತ ಹೇಳುತ್ತೇನೆ ಅಂದುಕೊಂಡಿದ್ದಳೋ ಏನೋ. ಬೀಡಿ ಅಂದೆ. ಹಾಗಾದರೆ ಸಾಮಾನು ತನ್ನಿ, ಹೊಗೆಸೊಪ್ಪು ಮಾತ್ರ ಆಸ್ಪತ್ರೆಯೊಳಗೆ ಬೇಡ ಅಂದಳು. ಅಟ್ಟದಿಂದ ಹಳೆಯ ತಡ್ಪೆ (ಮೊರ), ಕತ್ತರಿ, ಅಳತೆಯ ತಗಡು ಇಳಿಸಿದೆ. ಎಲೆ ಪಕ್ಕದ ಮನೆಯಿಂದ. ಹೊಗೆಸೊಪ್ಪಿನ ಬದಲು ಚಾಹುಡಿ.

ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕತ್ತರಿಯ ಕಣ್ಣಿಗೆ ಬೆರಳು ಹೋಗಲಿಲ್ಲ, ಅವಳು ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಳು. ಎಲೆ ಕತ್ತರಿಸಿ, ಚಾಹುಡಿ ಹರಡಿ, ಸುತ್ತುವುದಕ್ಕೆ ಹೋದರೆ ತೋರುಬೆರಳು ಎಲೆಯನ್ನು ಒಳಗೆ ದೂಡುವುದೇ ಇಲ್ಲ. ಹೆಬ್ಬೆರಳಿಗೆ ಎಲ್ಲ ನೆನಪುಂಟು, ತೋರುಬೆರಳಿಗೆ ಮರೆತುಹೋಗಿದೆ. ಎಲೆ ಬಿಚ್ಚಿತು, ಚಾಹುಡಿ ಸೀರೆಯ ಮೇಲೆ. ಮೂರನೆಯದು ನಿಂತಿತು. ತುದಿ ಮಡಚುವುದು ಉಗುರಿನ ಕೆಲಸ, ಅದಕ್ಕೆ ಕಿರುಬೆರಳನ್ನು ಬಳಸಿದೆ, ಹಾಗೆ ಬೀಡಿ ಕಟ್ಟಿದವರು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ನೂಲು ಸುತ್ತಿ ಮುಗಿಸುವಾಗ ಗಡಿಯಾರ ನೋಡಿದರೆ ಒಂದಕ್ಕೆ ನಾಲ್ಕು ನಿಮಿಷ. ದಿನಕ್ಕೆ ಸಾವಿರ ಕಟ್ಟುತ್ತಿದ್ದ ಕೈ. ಬೀಡಿ ಹೊಟ್ಟೆ ಬಂದ ಹಾಗೆ ಉಬ್ಬಿತ್ತು, ಚೆಕ್ಕಿಂಗಿನವರು ನೋಡಿದ್ದರೆ ಮುರಿದು ಬಿಸಾಡುತ್ತಿದ್ದರು. ಅವಳು ಅದನ್ನು ಪುಸ್ತಕದ ಆ ದಿನದ ಪುಟಕ್ಕೆ ಟೇಪ್ ಹಾಕಿ ಅಂಟಿಸಿದಳು.

ದುಡ್ಡಿನ ಮಾತು. ವಿಮೆಯ ಕಾರ್ಡಿನಿಂದ ಆಪರೇಷನ್ನಿಗೆ ಒಂದಷ್ಟು ಬಂತು. ಗ್ಲೌಸಿಗೆ, ಶೀಟಿಗೆ, ಥೆರಪಿಗೆ ಒಂದು ಪೈಸೆ ಇಲ್ಲ. ಹತ್ತು ಜನ ಕೆಲಸಗಾರರಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ಸರಕಾರಿ ವಿಮೆ ಬರುತ್ತದೆ, ನಾವು ನಾಲ್ಕೇ ಮಂದಿ, ಅದೂ ನಾವೇ ಧಣಿಗಳು. ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿಗೆ ಇನ್ನೊಂದು, ಹೋಗಿ ಬರುವಾಗ ಒಂದು ದಿನವೇ ಹೋಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ದಿನ. ಟೋಕನ್ ತೆಗೆದು ಎರಡು ಗಂಟೆ ಕಾಯುವುದು ಮಾಮೂಲು, ಮಲಗಿ ಬಂದ ರೋಗಿ ಇದ್ದರೆ ಮೂರು. ಗಡಿ ದಾಟಿ ಹೋಗುವ ನಮ್ಮ ಹಣೆಬರಹ ಹೊಸದೇನಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಆಗ ನನ್ನ ಕೈ ಸುಟ್ಟಿದ್ದರೆ ಅಂತ ಕೆಲವೊಮ್ಮೆ ಬಸ್ಸಿನಲ್ಲಿ ಕೂತು ಯೋಚಿಸುತ್ತೇನೆ. ಈಗ ತಿಂಗಳಿಗೊಮ್ಮೆ ಮಾತ್ರ ಹೋಗುವುದು, ನಡುವೆ ವಿಡಿಯೋ ಕಾಲ್‌ನಲ್ಲಿ ಕೈ ತೋರಿಸಿದರೂ ನಡೆಯುತ್ತದೆ. ಇದು ಮೊದಲೇ ಇದ್ದಿದ್ದರೆ!

ರೇಶನ್ ಅಂಗಡಿಯಲ್ಲಿ ಬಲಗೈ ಬೆರಳಿನ ಅಚ್ಚು ಈಗ ಹಿಡಿಯುವುದಿಲ್ಲ, ಎಡಗೈ ಇಡುತ್ತೇನೆ. ಇದೂ ಯಾರೂ ಮೊದಲು ಹೇಳದ ವಿಷಯ.

ಮಿಷನ್ ಮಾರಲಿಲ್ಲ, ಸಾಲ ಉಂಟಲ್ಲ. ಪೆಡಲ್ ತೆಗೆಸಿ ಎರಡು ಬಟನ್ ಹಾಕಿಸಿದ್ದೇವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಡೈ ಇಳಿಯುತ್ತದೆ, ಹಾಗಾಗಿ ಒತ್ತುವವರ ಎರಡೂ ಕೈ ಹೊರಗೇ ಇರಬೇಕು. ಲಿವರಿಗೆ ಕೆಂಪು ಬಣ್ಣ ಬಳಿದು ‘ಮೊದಲು ಇದನ್ನು ಎತ್ತು’ ಅಂತ ಬರೆದಿದ್ದೇವೆ. ಚಿಮಟವನ್ನು ಸರಪಳಿಯಲ್ಲಿ ಮಿಷನ್ನಿಗೇ ಕಟ್ಟಿದ್ದೇನೆ. ನಾನು ಈಗ ಕೂರುವುದು ಹಾಳೆ ಆರಿಸುವ ಕಡೆ. ಡೈಯ ಚುಂಯ್ ಶಬ್ದಕ್ಕೆ ಇನ್ನೂ ಭುಜ ಅದುರುತ್ತದೆ, ಆ ಸಿಹಿ ವಾಸನೆ ಮಾತ್ರ ಮತ್ತೆ ಸಿಹಿಯಾಗಲಿಲ್ಲ.

ನಕ್ಷತ್ರ ಕೊಡಲೇಬೇಕಲ್ಲ: ಅಳತೆಯ ಗ್ಲೌಸಿಗೆ ಐದರಲ್ಲಿ ಮೂರೂವರೆ, ಮೊದಲ ಜೊತೆಯ ಜಿಪ್ಪಿಗೂ ಮಳೆಗಾಲಕ್ಕೂ ಕಡಿತ. ಸಿಲಿಕಾನ್ ಶೀಟಿಗೆ ನಾಲ್ಕು. ಕೋಣೆಗೆ ನಾಲ್ಕು. ಆ ಹುಡುಗಿಗೆ ಬೇರೆ ಲೆಕ್ಕ.

ಹೋದ ವಾರ ಅವಳು ಕಲೆಯ ಮೇಲೆ ಬೆರಳೊತ್ತಿ ನೋಡಿದಳು. ಕೆಂಪು ಹೋಗಿದೆ, ಮೆತ್ತಗಾಗಿದೆ, ಇನ್ನು ರಾತ್ರಿ ಮಾತ್ರ ಸಾಕು ಅಂದಳು. ಉಳಿದದ್ದು ಕಿರುಬೆರಳಿನ ಸಂದಿಯ ಆ ಪರದೆ. ಮಳೆ ಮುಗಿದ ಮೇಲೆ ಸಣ್ಣ ಆಪರೇಷನ್ ಮಾಡಿ ಬಿಡಿಸಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮಾಡಿಸಿದರೆ ಮತ್ತೆ ಹೊಸ ಅಳತೆ, ಹೊಸ ಜೊತೆ. ಕಪ್ಪು ಬಟ್ಟೆ ಸಿಗುತ್ತದಾ ಅಂತ ಕೇಳಿಟ್ಟು ಬಂದಿದ್ದೇನೆ, ಅರಸಿನ ಕಾಣುವುದಿಲ್ಲ.